ಕುರಿ ಮೇದ ಬಯಲು, ಚೆಂಡು ಉರುಳಿದ ಬಯಲು



ಹೊಸಪೇಟೆಯಲ್ಲಿ ನಿಂತು ಗಾಲ್ಫ್ ಬಗ್ಗೆ ಮಾತನಾಡುತ್ತೇನೆಂದರೆ ನಿಮಗೆ ನಗು ಬಂದೀತು. ನಮ್ಮ ಸುತ್ತ ಕಾಣುವುದು ಬಂಡೆ, ಭತ್ತ, ಬಾಳೆ ಮತ್ತು ಅದಿರಿನ ಲಾರಿ. ಆಟದ ಲೆಕ್ಕ ನನಗೂ ಅಷ್ಟಕ್ಕಷ್ಟೆ. ನನ್ನ ಕುತೂಹಲ ನೆಲದ್ದು. ಮೊದಲ ಆಟಗಾರರು ಎಂಥ ಜಾಗ ಆರಿಸಿದರು, ಅದು ಯಾರ ಜಾಗವಾಗಿತ್ತು?

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕಡಲಿಗೂ ಹೊಲಗಳಿಗೂ ನಡುವೆ ಮರಳು ದಿಬ್ಬಗಳ ಪಟ್ಟಿಯುಂಟು. ಅದನ್ನು 'ಲಿಂಕ್ಸ್' ಎನ್ನುತ್ತಾರೆ. ಉಪ್ಪುಗಾಳಿ, ಬಡ ಮಣ್ಣು, ಬೇಸಾಯಕ್ಕೆ ಒದಗದು. ನಮ್ಮ ಗೋಮಾಳದಂತೆ ಅಲ್ಲಿ ಕುರಿ ಬಿಡುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು. ಮಳೆ ಬಿದ್ದರೆ ನೀರು ಕೂಡಲೇ ಇಂಗುತ್ತಿತ್ತು. ಕುರಿ, ಮೊಲಗಳು ಹುಲ್ಲನ್ನು ಬುಡದವರೆಗೆ ಮೇದು ನುಣುಪಾಗಿಡುತ್ತಿದ್ದವು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಮಲಗಿ ಸವೆಸಿದ ಗುಳಿಗಳೇ ಇಂದಿನ 'ಬಂಕರ್'ಗಳಿಗೆ ಮೂಲ ಎನ್ನುವವರಿದ್ದಾರೆ. ಯೋಜನೆ ಎಂದರೆ ನಡೆದು ನೋಡುವುದು, ಅಷ್ಟೆ. ಅನುಭವಿಯೊಬ್ಬ ಸಮತಟ್ಟು ತಾಣ ಕಂಡಲ್ಲಿ ಗೂಟ ನೆಟ್ಟು, ಅಲ್ಲಿಂದ ಮುಂದಿನ ತಾಣ ಹುಡುಕುತ್ತಿದ್ದ. ಹೆಸರಾಂತ ಟಾಮ್ ಮಾರಿಸ್ (1821–1908) ಈ ಕೆಲಸಕ್ಕೆ ದಿನಕ್ಕೆ ಒಂದು ಪೌಂಡ್ ಪಡೆಯುತ್ತಿದ್ದ. 18 ಕುಳಿಗಳ ಲೆಕ್ಕಕ್ಕೂ ಯಾವ ಶಾಸ್ತ್ರವಿರಲಿಲ್ಲ. ಸೇಂಟ್ ಆಂಡ್ರೂಸ್‌ನಲ್ಲಿ ಹೋಗಿ ಬರುವ ದಾರಿ ಸೇರಿ 22 ಇದ್ದವು. ಕೆಲವು ತೀರ ಹತ್ತಿರವಾದವೆಂದು 1764ರಲ್ಲಿ ಕೂಡಿಸಿದಾಗ 18 ಉಳಿದವು. ಅದೇ ಲೋಕಕ್ಕೆಲ್ಲ ನಿಯಮವಾಯಿತು!

ಆ ಬಯಲಿಗೂ ಒಂದು ವ್ಯಾಜ್ಯವಿತ್ತು. 1797ರಲ್ಲಿ ಹಣವಿಲ್ಲದೆ ಸೊರಗಿದ್ದ ಊರ ಸಭೆ ಅದನ್ನು ಮೊಲ ಸಾಕುವ ವ್ಯಾಪಾರಿಗಳಿಗೆ ಕೊಟ್ಟಿತು. ಮೊಲದ ಬಿಲಗಳಲ್ಲಿ ಚೆಂಡು ಮಾಯವಾಗತೊಡಗಿತು. ಜಗಳ ಕೋರ್ಟಿಗೂ ಏರಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ನೆಲವನ್ನು ಕೊಂಡ ಮೇಲೆ ಜಗಳ ನಿಂತಿತು. ಆಟ ಉಳಿಯಿತು ನಿಜ, ಆದರೆ ನೆಲ ಖಾಸಗಿಯಾಗಿತ್ತು. ಊರವರು ಕಾಯ್ದೆ ಮಾಡಿಸಿಕೊಂಡು ಅದನ್ನು ಮರಳಿ ಪಡೆದದ್ದು 1894ರಲ್ಲಿ.

ನಮ್ಮ ದೇಶಕ್ಕೆ ಆಟ ಬಂದದ್ದು ಬ್ರಿಟಿಷರ ಬೆನ್ನಿಗೆ. ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರಿನದು 1876ರದು. ಇಲ್ಲಿ ಕಡಲ ಮರಳು ಎಲ್ಲಿಂದ ಬರಬೇಕು? ದಂಡಿನ ಮೈದಾನ, ಗಣಿ ಅಧಿಕಾರಿಗಳ ಬಂಗಲೆಗಳ ಆಸುಪಾಸು, ಕೈಗೆ ಸಿಕ್ಕಿದ ಬಯಲು, ಇವೇ ಆದವು. ಕೋಲಾರದ ಚಿನ್ನದ ಗಣಿಯವರೂ ಒಂದು ಮೈದಾನ ಮಾಡಿಕೊಂಡರು. ಮೈಸೂರಿನಲ್ಲಂತೂ ಕುದುರೆ ಓಡುವ ರೇಸ್ ಕೋರ್ಸಿನ ಒಳಗೇ ಗಾಲ್ಫ್. ನೀರಿಲ್ಲದ ಕಡೆ ಹಸಿರು ಹುಲ್ಲಿನ ಆಸೆ ಬಿಟ್ಟು, ಮರಳಿಗೆ ಎಣ್ಣೆ ಬೆರೆಸಿ ತಟ್ಟಿ 'ಬ್ರೌನ್' ಮಾಡಿಕೊಂಡರು.

ಈಗ ಅದೇ ಕಣ್ಣಿನಿಂದ ನಮ್ಮ ನೆಲ ನೋಡೋಣ. ಹೊಸಪೇಟೆಯ ಸಮತಟ್ಟು ಜಾಗಗಳಿಗೆ ವಿಜಯನಗರದ ಕಾಲದಿಂದ ಬಸವಣ್ಣ ಕಾಲುವೆ, ರಾಯ ಕಾಲುವೆಗಳ ನೀರಿದೆ. ತುರ್ತು ಕಾಲುವೆ ಹಂಪಿಯ ಗದ್ದೆಗಳಿಗೆ ಇಂದೂ ಹರಿಯುತ್ತದೆ. ಅಂಥ ತರಿ ಜಮೀನನ್ನು ಚೆಂಡಾಟಕ್ಕೆ ಯಾವ ರೈತ ಬಿಟ್ಟಾನು? ಹಂಪಿಯ ಉಳಿದದ್ದು ಬಂಡೆ. 1986ರಿಂದ ವಿಶ್ವ ಪರಂಪರೆಯ ತಾಣವಾದ್ದರಿಂದ ಗುದ್ದಲಿ ಹಾಕುವಂತೆಯೂ ಇಲ್ಲ. ಕಂಪ್ಲಿ ಕಡೆಯ ಎರೆ ಮಣ್ಣು ಮಳೆಗೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿಗೆ ಬಿದ್ದ ಚೆಂಡು ಮೊಲದ ಬಿಲಕ್ಕೆ ಬಿದ್ದಂತೆಯೇ ಸರಿ. ಉಳಿದದ್ದು ಸಂಡೂರಿನ ಗುಡ್ಡ. ಘೋರ್ಪಡೆ ಅರಸರ ಆ ಸಂಸ್ಥಾನದ ರಾಮನದುರ್ಗವನ್ನು ಬ್ರಿಟಿಷರು 19ನೇ ಶತಮಾನದಲ್ಲಿ ಆರಿಸಿಕೊಂಡದ್ದುಂಟು. ಅದು ಸುಮಾರು 3,000 ಅಡಿ ಎತ್ತರದ ತಂಪು ಜಾಗ. ಅವರಿಗೆ ಅದು ಬೇಕಾದದ್ದು ಬಳ್ಳಾರಿಯ ದಂಡಿನ ಕಾಯಿಲೆ ಬಿದ್ದ ಸಿಪಾಯಿಗಳು ಚೇತರಿಸಿಕೊಳ್ಳಲು.

ನನಗೆ ಕಾಡುವುದು ಬೇರೆ. ಕರ್ನಾಟಕದಲ್ಲಿ ಪಹಣಿಯಲ್ಲಿ ಗೋಮಾಳವಿದ್ದು ಊರಲ್ಲಿ ಇಲ್ಲದ ಹಳ್ಳಿಗಳು ಕಡಿಮೆಯೇನಲ್ಲ. ದನ ಹೊಡೆದುಕೊಂಡು ಹೋದ ಹುಡುಗ ಎಲ್ಲಿ ನಿಲ್ಲಿಸಬೇಕು? ಸೇಂಟ್ ಆಂಡ್ರೂಸ್‌ನಲ್ಲಿ ಆ ಹಳೆಯ ಬಯಲು ಇಂದಿಗೂ ಸಾರ್ವಜನಿಕರದು. ಭಾನುವಾರ ಸಾಮಾನ್ಯವಾಗಿ ಆಟವಿರುವುದಿಲ್ಲ. ಊರವರು ನಾಯಿ ಹಿಡಿದುಕೊಂಡು ಬಂದು ಅಡ್ಡಾಡುತ್ತಾರೆ.