ಒಂದೇ ಚಾಪೆ, ಎರಡು ಗಿಟಾರ್, ಒಂದು ಮನೆಮಾತು

ಇವತ್ತು ಒಂದು ಸಂಜೆಯ ಕತೆ.

ಮಾಲೂರಿನಲ್ಲಿ ಗೆಳೆಯನ ಮನೆಯ ತಾರಸಿ. ಮೈಕ್ ಇಲ್ಲ. ಮೂವತ್ತು ಜನ ಇದ್ವಿ. ಹಾಡಿದ್ದು ಇಬ್ಬರು: ಒಬ್ಬ ಮಾಲೂರಿನವನು, ಒಬ್ಬಳು ಮುಳಬಾಗಿಲಿನವಳು. ತಾವೇ ಬರೆದು, ತಾವೇ ರಾಗ ಹಾಕಿದ ಹಾಡುಗಳು. ಅರ್ಧ ಗಂಟೆ ನಿನಗೆ, ಅರ್ಧ ಗಂಟೆ ನನಗೆ ಅಂತ ಹಂಚಿಕೊಳ್ಳಲಿಲ್ಲ. ಅವನದೊಂದು, ಅವಳದೊಂದು. ಒಬ್ಬರು ಹಾಡುವಾಗ ಇನ್ನೊಬ್ಬರು ಪಕ್ಕದಲ್ಲೇ ಮೆಲ್ಲಗೆ ತಂತಿ ಮೀಟೋದು.

ಅವನು ಬೆಂಗಳೂರಿಗೆ ಹೋಗೋ ಬೆಳಗಿನ ರೈಲಿನ ಬಗ್ಗೆ, ನಿಂತೇ ನಿದ್ದೆ ಮಾಡೋರ ಬಗ್ಗೆ ಹಾಡಿದ. ಎಲ್ರೂ ನಕ್ಕು ಚಪ್ಪಾಳೆ ಹೊಡೆದ್ವಿ.

ಅವಳದು ಟೊಮೆಟೊ ಹಾಡು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅವಳು ಹಾಡಿದ್ದು ಬೆಲೆ ಬಿದ್ದ ದಿನದ್ದು. ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು. ಮೊದಲೇ ಹೇಳಿದ್ಳು: 'ನಮ್ಮಪ್ಪ ಬೇಜಾರಾದಾಗ ತೆಲುಗಲ್ಲೇ ಮಾತಾಡೋದು. ಕನ್ನಡಕ್ಕೆ ತಿರುಗಿಸಿದ್ರೆ ಅದು ಅಪ್ಪನ ಮಾತಾಗಿ ಉಳಿಯಲ್ಲ.'

ನಾನು ಶ್ರೀನಿವಾಸಪುರದವನು. ನಮ್ಮನೇಲೂ ಅದೇ ತೆಲುಗು. ಬೆಂಗಳೂರಿಗೆ ಓದೋಕೆ ಬಂದ ಹೊಸತರಲ್ಲಿ ಅಮ್ಮನ ಫೋನ್ ಬಂದ್ರೆ ರೂಮಿಂದ ಆಚೆ ಹೋಗ್ತಿದ್ದೆ. 'ಇದ್ಯಾವ ಭಾಷೆನೋ, ಕನ್ನಡಾನೂ ಅಲ್ಲ, ತೆಲುಗೂ ಅಲ್ಲ' ಅಂತ ಒಬ್ಬ ನಕ್ಕಿದ್ದ. ಆಮೇಲೆ ಅಮ್ಮನಿಗೆ ನಾನೇ ಹೇಳಿದೆ, 'ಮೆಸೇಜ್ ಮಾಡಮ್ಮ' ಅಂತ. ಅಮ್ಮನಿಗೆ ಟೈಪ್ ಮಾಡೋಕೆ ಬರಲ್ಲ. ಅದು ನನಗೆ ಗೊತ್ತಿತ್ತು.

ಸ್ವಂತ ಹಾಡು ಕಟ್ಟಿ ಜನರ ಮುಂದೆ ಹಾಡೋದು ಕೋಲಾರಕ್ಕೆ ಹೊಸದೇನಲ್ಲ. ದಲಿತ ಚಳವಳಿಗೆ ಕೋಟಿಗಾನಹಳ್ಳಿ ರಾಮಯ್ಯ ಹಾಡು ಬರೆದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಥರದ ಗಾಯಕರು ಹೋರಾಟದ ಹಾಡುಗಳನ್ನ ಊರೂರಿಗೆ ಮುಟ್ಟಿಸಿದರು. ತೇರಹಳ್ಳಿ ಬೆಟ್ಟದ ಆದಿಮದಲ್ಲಿ 'ಹುಣ್ಣಿಮೆ ಹಾಡು' ಅಂತಾನೇ ಒಂದು ಕಾರ್ಯಕ್ರಮ ಬೆಳೆದು ಬಂತು. ನಮ್ಮೂರಿನ ದನಿಗೆ ನಾಚಿಕೆ ಪಡಬೇಕಿಲ್ಲ ಅನ್ನೋದನ್ನ ಇವರೆಲ್ಲ ಮೊದಲೇ ತೋರಿಸಿದ್ರು. ನನಗೆ ಅರ್ಥವಾಗಿದ್ದು ಮಾತ್ರ ಆ ತಾರಸಿ ಮೇಲೆ.

ಅವಳ ಹಾಡು ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ತೆಲುಗು ಸಾಲನ್ನ ಇನ್ನೊಂದು ಸಲ ಹಾಡಿಸಿದ್ರು. ಅವನೂ ದನಿಗೂಡಿಸಿದ.

ರಾತ್ರಿ ಮಾಲೂರು ಸ್ಟೇಷನ್ನಿನಲ್ಲಿ ಅಮ್ಮನಿಗೆ ಫೋನ್ ಮಾಡಿದೆ. 'ಏನೋ, ಹುಷಾರಿದ್ದೀಯಾ?' ಅಂತ ಗಾಬರಿಯಾದ್ರು. ಬೆಂಚಿನ ಮೇಲಿದ್ದವರು ತಿರುಗಿ ನೋಡಿದ್ರು. ನಾನು ದನಿ ತಗ್ಗಿಸಲಿಲ್ಲ.

ನಿಮ್ಮ ಮನೆಮಾತಲ್ಲಿ ಒಂದು ವಾಯ್ಸ್ ನೋಟ್ ಕಳಿಸಿ. ರಾಗ ಇರಲೇಬೇಕು ಅಂತಿಲ್ಲ. ಮುಂದಿನ ವಾರ ಸಿಗೋಣ.