ಮುಖದ ಎಲುಬಿನ ಉಬ್ಬು ಮತ್ತು ಗಣಕಯಂತ್ರದ ನೆರವಿನ ಶಸ್ತ್ರಚಿಕಿತ್ಸೆ

(ಶ್ರೀಮಠದ ಮಹೋತ್ಸವದಲ್ಲಿ ಮಾಡಿದ ಉಪನ್ಯಾಸ)



ಕೆಲವು ಮಕ್ಕಳಲ್ಲಿ ಕೆನ್ನೆಯ ಇಲ್ಲವೆ ದವಡೆಯ ಎಲುಬು ಮೆಲ್ಲಮೆಲ್ಲನೆ ಉಬ್ಬಿ, ಮುಖವು ಓರೆಯಾಗುವುದುಂಟು. ಇಂಥ ರೋಗಗಳಲ್ಲಿ ಒಂದಕ್ಕೆ ಫೈಬ್ರಸ್ ಡಿಸ್‌ಪ್ಲೇಸಿಯಾ ಎಂದು ಹೆಸರು. ಗಟ್ಟಿ ಎಲುಬು ಇರಬೇಕಾದೆಡೆಯಲ್ಲಿ ನಾರಿನಂಥ ಧಾತುವೂ ಬಲಿಯದ ಎಲುಬೂ ಬೆಳೆಯುವುದೇ ಇದರ ಸ್ವರೂಪ. ಶಿಶುವು ಗರ್ಭದಲ್ಲಿರುವಾಗ ಜೀವಕೋಶವೊಂದರ ಜೀನಿನಲ್ಲಿ ಉಂಟಾದ ಮಾರ್ಪಾಟೇ ಇದರ ಮೂಲ. ಇದು ತಂದೆತಾಯಿಗಳಿಂದ ಬಂದುದಲ್ಲ; ಅಂಟುವುದಲ್ಲ; ಅರ್ಬುದವೂ ಅಲ್ಲ. ಮುಂದೆ ಅರ್ಬುದವಾಗುವುದು ಅತಿ ವಿರಳ. ಹೀಗಿರಲು, ಪೂರ್ವಜನ್ಮದ ಪಾಪವೆಂದು ಕೂಸನ್ನು ಮನೆಯ ಮೂಲೆಯಲ್ಲಿ ಅಡಗಿಸುವುದು ಶರಣಮಾರ್ಗಕ್ಕೆ ಒಪ್ಪುವ ನಡತೆಯಲ್ಲ.

ಹಿಂದೆ ಶಸ್ತ್ರವೈದ್ಯನು ಬಹುಮಟ್ಟಿಗೆ ಕಣ್ಣಳತೆಯನ್ನೇ ನಂಬಿ ಉಬ್ಬನ್ನು ಕೆತ್ತಬೇಕಾಗಿತ್ತು. ಹೆಚ್ಚು ಕೆತ್ತಿದರೆ ನರಕ್ಕೂ ಹಲ್ಲಿನ ಬೇರಿಗೂ ಅಪಾಯ. ಕಡಿಮೆಯಾದರೆ ಓರೆಯು ಉಳಿಯುವುದು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಎಂಬವರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ತಲೆಯ ಒಳಚಿತ್ರವನ್ನು ತೆಗೆದರು. ಅಲ್ಲಿಂದ ಮುಂದೆ ದಾರಿ ತೆರೆಯಿತು. ಈಗ ಸಿ.ಟಿ. ಚಿತ್ರಗಳಿಂದ ಗಣಕಯಂತ್ರವು ತಲೆಬುರುಡೆಯ ಪೂರ್ಣಾಕಾರವನ್ನು ರಚಿಸುವುದು. ರೋಗವು ಒಂದೇ ಪಕ್ಕದಲ್ಲಿದ್ದರೆ, ಆರೋಗ್ಯವಾದ ಪಕ್ಕವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ರೋಗದ ಪಕ್ಕದ ಮೇಲಿಟ್ಟು, ಎಲ್ಲಿ ಎಷ್ಟು ಮಿಲಿಮೀಟರು ತೆಗೆಯಬೇಕೆಂದು ಮೊದಲೇ ಗೊತ್ತುಮಾಡುವರು. ಆ ಅಳತೆಗೆ ಸರಿಯಾದ ಅಚ್ಚನ್ನು ಮುದ್ರಿಸಿ, ಶುದ್ಧಿಗೊಳಿಸಿ, ಎಲುಬಿನ ಮೇಲೆ ಕೂರಿಸಿ ಕತ್ತರಿಸುವರು. ಶಿಲ್ಪಿಯು ಉಳಿ ಹಿಡಿಯುವ ಮುನ್ನ ಕಲ್ಲಿನ ಮೇಲೆ ಗೆರೆ ಎಳೆಯುವಂತೆ ಇದು.

ಆದರೆ ಯಂತ್ರವು ಅಳತೆಯನ್ನು ಕೊಡುವುದೇ ಹೊರತು ರೋಗವನ್ನು ಬೇರುಸಹಿತ ಕೀಳದು. ಉಳಿದ ಭಾಗವು ಮತ್ತೆ ಬೆಳೆಯಬಹುದು. ಪ್ರಾಯ ಬಂದು ಮೈಯ ಬೆಳವಣಿಗೆ ನಿಂತ ಮೇಲೆ ರೋಗದ ವೇಗವೂ ಸಾಮಾನ್ಯವಾಗಿ ತಗ್ಗುವುದರಿಂದ, ರೂಪವನ್ನು ಸರಿಪಡಿಸುವ ಚಿಕಿತ್ಸೆಗೆ ಅನೇಕ ವೇಳೆ ಅಲ್ಲಿಯವರೆಗೆ ಕಾಯುವರು. ದೃಷ್ಟಿ ಮಂದವಾದರೆ, ಉಸಿರಾಟಕ್ಕೆ ಅಡ್ಡಿಯಾದರೆ, ಉಬ್ಬು ಒಮ್ಮೆಲೇ ಹೆಚ್ಚಿದರೆ ಮಾತ್ರ ಒಂದು ದಿನವೂ ತಡಮಾಡಕೂಡದು.

ಕೊನೆಯದಾಗಿ ನನ್ನ ಬಿನ್ನಹವಿಷ್ಟೆ. ಇಂಥ ಮಗುವಿಗೆ ಬರೆ ಹಾಕಿಸಬೇಡಿರಿ, ತಜ್ಞವೈದ್ಯರಲ್ಲಿಗೆ ಕರೆದೊಯ್ಯಿರಿ. ಚಿಕಿತ್ಸೆಗೆ ಕಾಯಬೇಕಾದ ವರುಷಗಳಲ್ಲಿ ಆ ಮಗುವನ್ನು ಶಾಲೆಗೆ ಕಳುಹಿರಿ, ಜಾತ್ರೆಗೆ ಕರೆತನ್ನಿರಿ, ದಾಸೋಹದ ಪಂಕ್ತಿಯಲ್ಲಿ ಎಲ್ಲರ ನಡುವೆ ಕೂರಿಸಿರಿ. ಎಲುಬಿನ ಓರೆಯನ್ನು ತಿದ್ದಲು ವೈದ್ಯನುಂಟು. ನೋಡುವವರ ನೋಟದ ಓರೆಯನ್ನು ನಾವೇ ತಿದ್ದಿಕೊಳ್ಳಬೇಕು.