ನರ್ಸಿಂಗ್ ಓದುವಾಗ ವಾರ್ಡಿನ ಕೆಲಸ ಬಿಡಬೇಕೇ?

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಅನೇಕ ಮನೆಗಳಲ್ಲಿ ಮುಗಿದಿದೆ. ಈಗಿನ ಪ್ರಶ್ನೆ ಬೇರೆ. ಪಿ.ಯು.ಸಿ. ಮುಗಿಸಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಹಾಯಕಿಯಾಗಿ ದುಡಿಯುತ್ತಿರುವ ಹುಡುಗಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಅವಳ ಸಂಬಳದಿಂದ ಮನೆ ಬಾಡಿಗೆ ಹೋಗುತ್ತಿದೆ. "ಟೀಚರ್, ಹಗಲು ಕಾಲೇಜು, ರಾತ್ರಿ ಡ್ಯೂಟಿ ಮಾಡಲೇ?" ಎಂದು ಕೇಳುತ್ತಾಳೆ. ಸುಲಭವಾಗಿ "ಬಿಟ್ಟುಬಿಡು" ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಾಡಿಗೆ ನಾನು ಕಟ್ಟುವುದಿಲ್ಲವಲ್ಲ!

ಮೊದಲು ಲೆಕ್ಕ ಹಾಕೋಣ. ಭಾರತೀಯ ನರ್ಸಿಂಗ್ ಪರಿಷತ್ತಿನ ಹೊಸ ಪಠ್ಯಕ್ರಮ 2021ರಿಂದ ಬಂದಿದೆ. 4 ವರ್ಷ, 8 ಸೆಮಿಸ್ಟರ್, ವಾರಕ್ಕೆ 40 ಗಂಟೆ. ಪರೀಕ್ಷೆಗೆ ಕೂರಲು ಶೇ. 80ರಷ್ಟು ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಪ್ರಾಯೋಗಿಕ ತರಬೇತಿಯಲ್ಲಿ ಶೇ. 100. ತಪ್ಪಿಸಿಕೊಂಡ ದಿನವನ್ನು ತುಂಬಿಕೊಡಲೇಬೇಕು. ಇದರ ಮೇಲೆ 8 ಗಂಟೆಯ ಆರು ರಾತ್ರಿ ಸೇರಿಸಿದರೆ ವಾರಕ್ಕೆ 88 ಗಂಟೆ. ವಾರದಲ್ಲಿರುವುದು 168. ದಿನಕ್ಕೆ 7 ಗಂಟೆ ನಿದ್ದೆ ಎಂದರೆ 49 ಹೋಯಿತು. ಉಳಿದ 31 ಗಂಟೆಯಲ್ಲೇ ಬಸ್ಸು, ಊಟ, ನಮಾಜು, ಮನೆಗೆಲಸ, ಓದು ಎಲ್ಲವೂ ಆಗಬೇಕು. ಕಾಗದದ ಮೇಲೆ ಲೆಕ್ಕ ಕೂಡಿಬರುತ್ತದೆ. ಆದರೆ ಆ ನಿದ್ದೆ ಒಟ್ಟಿಗೆ ಸಿಗುವುದಿಲ್ಲ. ಸಂಜೆ ಎರಡು ತಾಸು, ಬಸ್ಸಿನಲ್ಲಿ ಅರ್ಧ ತಾಸು, ತರಗತಿಯಲ್ಲಿ ತೂಕಡಿಕೆ. ನಿದ್ದೆಗೆಟ್ಟವಳು ಔಷಧದ ಪ್ರಮಾಣದಲ್ಲಿ ಒಂದು ಬಿಂದು ತಪ್ಪಿ ಓದಿದರೆ ಅನುಭವಿಸುವವನು ರೋಗಿ.

ಹಾಗಾದರೆ ವಾರ್ಡಿನ ಕೆಲಸದಿಂದ ಲಾಭವಿಲ್ಲವೇ? ಖಂಡಿತ ಇದೆ. ಹಾಸಿಗೆ ಹಿಡಿದವರನ್ನು ಹೊರಳಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ನೋವಿನಲ್ಲಿರುವವರು ಬೈದರೂ ಸುಮ್ಮನಿರುವುದು, ಇವನ್ನೆಲ್ಲ ಬಲ್ಲವಳಿಗೆ ಮೊದಲ ತರಬೇತಿಯಲ್ಲಿ ಕೈ ನಡುಗುವುದಿಲ್ಲ. ಆದರೆ ಅವಸರದ ವಾರ್ಡು ಅಡ್ಡದಾರಿಗಳನ್ನೂ ಕಲಿಸುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಕೈ ತೊಳೆಯದೆ ಹೋಗುವುದು, ಗ್ಲೌಸ್ ಬದಲಿಸದಿರುವುದು ರೂಢಿಯಾದರೆ ಕಾಲೇಜಿನಲ್ಲಿ ಅದನ್ನು ಬಿಡಿಸುವುದು ಕಷ್ಟ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. "ನೀನು ನರ್ಸಿಂಗ್ ಓದುತ್ತಿದ್ದೀಯಲ್ಲ, ಈ ಇಂಜೆಕ್ಷನ್ ಕೊಟ್ಟುಬಿಡು" ಎಂದು ಯಾರಾದರೂ ಹೇಳಿಯಾರು. ಕೊಡಬೇಡಿ. ಕಾಲೇಜಿನ ತರಬೇತಿಯಲ್ಲಿ ಶಿಕ್ಷಕಿ ಪಕ್ಕದಲ್ಲಿರುತ್ತಾರೆ. ನರ್ಸಿಂಗ್ ಹೋಮಿನಲ್ಲಿ ನೀವು ಸಹಾಯಕಿ ಮಾತ್ರ. ಅದು ನೋಂದಣಿಯಾದ ನರ್ಸಿನ ಕೆಲಸ. ಮನೆಯವರು ಕೂಡ ಇದನ್ನು ಹೆಮ್ಮೆಯ ವಿಷಯವೆಂದು ತಿಳಿಯಬಾರದು.

ನನ್ನ ಅಭಿಪ್ರಾಯ ಹೀಗಿದೆ. ರಾತ್ರಿ ಡ್ಯೂಟಿಯನ್ನು ಕಾಲೇಜು ಸೇರುವ ಮುನ್ನವೇ ಬಿಡಿ. ಮೊದಲ ಸೆಮಿಸ್ಟರಿನಲ್ಲಿ ಯಾವ ಕೆಲಸವೂ ಬೇಡ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಎರಡೂ ಅಲ್ಲೇ ಎದುರಾಗುತ್ತವೆ. ಉರ್ದು ಅಥವಾ ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಪಾಠ ಅರ್ಥವಾಗಲು ಇನ್ನಷ್ಟು ಸಮಯ ಬೇಕು. ಫಲಿತಾಂಶ ಚೆನ್ನಾಗಿದ್ದರೆ ಭಾನುವಾರ ಮತ್ತು ರಜೆಯಲ್ಲಿ ಮಾತ್ರ ಮುಂದುವರಿಸಬಹುದು. ಮಾಲೀಕರನ್ನು ಈಗಲೇ ಕೇಳಿ. ಕೆಲಸ ಬಲ್ಲ ಕೈಯನ್ನು ಪೂರ್ತಿ ಕಳೆದುಕೊಳ್ಳಲು ಅವರಿಗೂ ಮನಸ್ಸಿರುವುದಿಲ್ಲ. ಮುಂಗಡ ಹಣಕ್ಕಾಗಿ ಮೂಲ ಅಂಕಪಟ್ಟಿಯನ್ನು ಮಾತ್ರ ಒತ್ತೆ ಇಡಬೇಡಿ.

ಬಾಡಿಗೆಯ ಮಾತು ಮನೆಯಲ್ಲಿ ಬಾಯಿಬಿಟ್ಟು ಆಗಬೇಕು. ಅಬ್ಬಾ, ಅಮ್ಮಿ, ಅಣ್ಣ ಎಲ್ಲರೂ ಕುಳಿತು ತಿಂಗಳ ಖರ್ಚನ್ನು ಬರೆಯಿರಿ. ಅಣ್ಣನ ಮೊಬೈಲಿನ ಕಂತನ್ನೂ ಅದರಲ್ಲಿ ಬರೆಯಿರಿ! ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ನಿಮ್ಮ ಕೋರ್ಸಿಗೆ, ನಿಮ್ಮ ಸೀಟಿಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪದವಿ ಬಂದ ಮೇಲೆ ನಾವು ಶಾಲು ಹೊದಿಸುತ್ತೇವೆ, ಫೋಟೊ ತೆಗೆಸುತ್ತೇವೆ. ಇಂಥ ಹುಡುಗಿಗೆ ಮೊದಲ ಆರು ತಿಂಗಳ ಬಸ್ ಖರ್ಚು, ಪುಸ್ತಕ ಮತ್ತು ಬಾಡಿಗೆಯ ಒಂದು ಪಾಲನ್ನು ಸಂಘ ವಹಿಸಿಕೊಳ್ಳಲಿ. ಈ ವರ್ಷದ ಅರ್ಜಿ ನಮೂನೆಯಲ್ಲಿ "ಈಗ ಕೆಲಸ ಮಾಡುತ್ತಿದ್ದೀರಾ? ಸಂಬಳ ಎಷ್ಟು?" ಎಂಬ ಒಂದು ಸಾಲು ಸೇರಿಸಿದರೆ ಅಂಥವರು ಯಾರೆಂದು ನಮಗೆ ಗೊತ್ತಾಗುತ್ತದೆ.